ವರ್ಷಗಳ ನಂತರ ಮತ್ತೆ ಪಿಟೀಲು ಹಿಡಿಯುವವರಿಗೆ

ಹತ್ತು ಹದಿನೈದು ವರ್ಷ ಮುಚ್ಚಿಟ್ಟಿದ್ದ ಪೆಟ್ಟಿಗೆಯನ್ನು ತೆರೆದ ಕೂಡಲೇ ನುಡಿಸಲು ಹೋಗಬೇಡಿ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಬಿಟ್ಟಿದ್ದರೆ ಅದು ಮುಕ್ಕಾಲು ಅಳತೆಯ ವಾದ್ಯವಾಗಿರಬಹುದು. ಪೂರ್ಣ ಅಳತೆಯ ಪಿಟೀಲಿನ ಒಡಲು, ಕುತ್ತಿಗೆಯನ್ನು ಬಿಟ್ಟು, ಸುಮಾರು 35.5 ಸೆಂಟಿಮೀಟರ್ ಉದ್ದವಿರುತ್ತದೆ. ಹಳೆಯ ತಂತಿಗಳನ್ನು ಬದಲಾಯಿಸಿ, ಆದರೆ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಾದ ಕುದುರೆಯನ್ನೂ, ಒಡಲಿನೊಳಗೆ ಅಂಟಿಲ್ಲದೆ ನಿಂತಿರುವ ಸಣ್ಣ ಮರದ ಕಂಬವನ್ನೂ ಹಿಡಿದಿಟ್ಟಿರುವುದು ತಂತಿಗಳ ಬಿಗಿತವೇ ಆದ್ದರಿಂದ, ಒಂದನ್ನು ತೆಗೆದು ಹೊಸದನ್ನು ಏರಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕು. ತಂತಿಯನ್ನು ಬಿಗಿಗೊಳಿಸುವ ಬಿರಡೆ ಜಾರಿದರೆ ಒಳಕ್ಕೆ ಒತ್ತುತ್ತಾ ತಿರುಗಿಸಿ. ಕತ್ತಲಲ್ಲಿ ಕುಳಿತ ಹುಳುಗಳು ಕಮಾನಿನ ಕೂದಲನ್ನು ತಿಂದಿರುವುದೂ ಉಂಟು (ನನ್ನದನ್ನು ಬಿಗಿ ಮಾಡಿದಾಗ ಅರ್ಧದಷ್ಟು ಕೂದಲು ಮಡಿಲಿಗೇ ಉದುರಿತ್ತು). ಹಾಗಾಗಿದ್ದರೆ ಹೊಸ ಕೂದಲು ಕಟ್ಟಿಸದೆ ಬೇರೆ ದಾರಿಯಿಲ್ಲ.

ನಿಜವಾದ ತೊಡಕು ಶುರುವಾಗುವುದು ಇದಾದ ಮೇಲೆ. ಬೆರಳುಗಳು ಬಿಟ್ಟಲ್ಲೇ ನಿಂತಿದ್ದರೂ ಕಿವಿ ಇಷ್ಟು ವರ್ಷವೂ ಸಂಗೀತ ಕೇಳುತ್ತಲೇ ಬೆಳೆದಿರುತ್ತದೆ. ಹೀಗಾಗಿ ಚಿಕ್ಕವರಾಗಿದ್ದಾಗ ಗಮನಕ್ಕೇ ಬಾರದಿದ್ದ ಅಪಸ್ವರ ಈಗ ಸಹಿಸಲಾಗದಷ್ಟು ಕೇಳಿಸುತ್ತದೆ. ಹಲವರು ಎರಡನೆಯ ವಾರದಲ್ಲೇ ಪೆಟ್ಟಿಗೆ ಮುಚ್ಚುವುದು ಇದರಿಂದಲೇ ಎಂದು ನನ್ನ ಅನಿಸಿಕೆ. ಆ ಕಿವಿಯನ್ನೇ ಕೆಲಸಕ್ಕೆ ಹಚ್ಚಬೇಕು. ಎ ತಂತಿಯನ್ನು 440 ಹರ್ಟ್ಜ್‌ಗೆ ಶ್ರುತಿ ಮಾಡಿ, ಉಳಿದವುಗಳನ್ನು ಅದಕ್ಕೆ ಹೊಂದಿಸಿಕೊಂಡು, ಮೊದಲ ವಾರ ಬೆರಳನ್ನೇ ಇಡದೆ ಖಾಲಿ ತಂತಿಗಳ ಮೇಲೆ ನಿಧಾನವಾಗಿ ಕಮಾನು ಎಳೆಯಿರಿ. ಆಮೇಲೆ ಡಿ ತಂತಿಯ ಮೇಲೆ ಮೂರನೆಯ ಬೆರಳಿಟ್ಟು ಜಿ ಸ್ವರ ನುಡಿಸಿ, ಪಕ್ಕದ ಖಾಲಿ ಜಿ ತಂತಿಯನ್ನು ನೋಡಿ: ಸ್ವರ ಸರಿಯಾಗಿ ಕೂತಾಗ ಆ ತಂತಿ ಯಾರೂ ಮುಟ್ಟದೆಯೇ ನಡುಗುತ್ತದೆ, ಬೆರಳು ಒಂದೆರಡು ಮಿಲಿಮೀಟರ್ ಸರಿದರೂ ಆ ನಡುಕ ಕುಗ್ಗುತ್ತದೆ. ಈ ಒಂದು ಸ್ವರಕ್ಕೆ ಮೂರು ನಾಲ್ಕು ದಿನ ಕೊಟ್ಟರೂ ನಷ್ಟವಿಲ್ಲ.

ದಿನಕ್ಕೆರಡು ಬಾರಿ ಹದಿನೈದು ನಿಮಿಷ ಸಾಕು. ರಜೆಯ ದಿನ ಒಮ್ಮೆಲೇ ಎರಡು ಗಂಟೆ ನುಡಿಸುವುದಕ್ಕಿಂತ ಅದು ಮೇಲು. ಬೆರಳ ತುದಿ ಉರಿಯುವುದು ಸಹಜ, ಆದರೆ ಮಣಿಕಟ್ಟಿನಲ್ಲೋ ಭುಜದಲ್ಲೋ ನೋವು ಕಾಣಿಸಿದರೆ ಅಂದಿಗೆ ನಿಲ್ಲಿಸಿ, ಮರುದಿನ ಎಡಗೈ ಹೆಬ್ಬೆರಳು ಪಿಟೀಲಿನ ಕುತ್ತಿಗೆಯನ್ನು ಎಷ್ಟು ಬಲವಾಗಿ ಹಿಸುಕುತ್ತಿದೆ ಎಂದು ಗಮನಿಸಿ.

ಬಿಡುವಾಗ ನುಡಿಸುತ್ತಿದ್ದ ಕಷ್ಟದ ಕೃತಿಯಿಂದ ಮತ್ತೆ ಆರಂಭಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕಿಂತ ಎರಡು ವರ್ಷ ಹಿಂದೆ ಕಲಿತ ಯಾವುದಾದರೂ ಸರಳ ಪಾಠವನ್ನು ತೆಗೆದುಕೊಂಡು, ತಾಳದ ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಬೆರಳು ತಡವರಿಸಿದ ಕಡೆಗೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ, ಮರುದಿನದ ಅಭ್ಯಾಸವನ್ನು ಆ ಗುರುತುಗಳಿಂದಲೇ ಆರಂಭಿಸಿ.