ಮೇಜಿನ ಸ್ಪೀಕರ್‌ನಲ್ಲಿ ಮೊದಲು ಮಾತು ಕೇಳಬೇಕು

ಒಂದೇ ನಂಬರನ್ನು ನಾಲ್ಕು ಸಲ ಹೇಳಿಸಿಕೊಂಡ ದಿನ ನಾನು ಸ್ಪೀಕರ್ ತರಲೇಬೇಕು ಅಂತ ಎದ್ದೆ.

ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಕೂತು ಜೀನ್ಸ್ ಹೊಲಿಯುವ ಸಣ್ಣ ಸಣ್ಣ ಘಟಕದವರಿಗೆ ಜಿಎಸ್‌ಟಿ ರಿಟರ್ನ್ ತುಂಬಿಕೊಡುತ್ತೇನೆ. ಪ್ರತಿ ತಿಂಗಳು 11ಕ್ಕೆ ಒಂದು ಗಡುವು, 20ಕ್ಕೆ ಇನ್ನೊಂದು. ಆ ದಿನಗಳಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಫೋನೇ ಫೋನು. ಎರಡೂ ಕೈ ಕೀಬೋರ್ಡ್ ಮೇಲೆ ಇರುತ್ತವೆ, ಹಾಗಾಗಿ ವಾಟ್ಸಾಪ್ ಕಾಲನ್ನು ಲ್ಯಾಪ್‌ಟಾಪ್‌ನಲ್ಲೇ ಎತ್ತುತ್ತೇನೆ. ಇಯರ್‌ಫೋನ್ ಹಾಕಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಮಾರ್ಚ್ ಬಂದ ಮೇಲೆ ನಮ್ಮೂರಿನ ಸೆಕೆಯಲ್ಲಿ ಅದನ್ನು ಹತ್ತು ತಾಸು ಕಿವಿಯಲ್ಲಿ ಇಟ್ಟುಕೊಂಡು ನೋಡಿ, ಕಿವಿ ಬೆವತು ತುರಿಕೆ ಶುರುವಾಗುತ್ತದೆ.

ಜಿಎಸ್‌ಟಿ ನಂಬರ್ ಅಂದರೆ 15 ಅಕ್ಷರ. ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಆಮೇಲೆ ಪ್ಯಾನ್ ಕಾರ್ಡಿನ ಹತ್ತು. ಕೊನೆಯದು ತಪ್ಪು ಹಿಡಿಯುವ ಅಕ್ಷರ, ಹಾಗಾಗಿ ನಡುವೆ ಒಂದು ತಪ್ಪಿದರೂ ಪೋರ್ಟಲ್ ಒಪ್ಪುವುದಿಲ್ಲ, ಮತ್ತೆ ಫೋನ್ ಮಾಡಬೇಕು. ನನ್ನ ಲ್ಯಾಪ್‌ಟಾಪಿನ ಸ್ಪೀಕರ್ ಇರುವುದು ತಳದಲ್ಲಿ, ಮೇಜಿಗೆ ಮುಖ ಮಾಡಿಕೊಂಡು. ಅದರಲ್ಲಿ ಪಿ, ಬಿ, ಟಿ, ಡಿ ಎಲ್ಲಾ ಒಂದೇ. ಬರೀ 'ಈ' ಅಂತ ಕೇಳುತ್ತದೆ.

ಮೊದಲ ಸಲ ನಾನು ತಪ್ಪಾಗಿ ತಂದೆ. ಅಂಗಡಿಯವರು ದೊಡ್ಡ ಡಬ್ಬಾ ಇಳಿಸಿದರು, ಎರಡು ಚಿಕ್ಕ ಸ್ಪೀಕರ್, ಜೊತೆಗೊಂದು ದಪ್ಪ ವೂಫರ್ (ದಪ್ಪ ದನಿ ಹೊರಡಿಸುವ ಪೆಟ್ಟಿಗೆ), ಮುಂದೆ ಬಣ್ಣದ ದೀಪ. "ನೋಡ್ರಿ ಅಕ್ಕಾ, ಈ ರೇಟಿಗೆ ಇಷ್ಟು ವ್ಯಾಟ್ ಎಲ್ಲೂ ಸಿಗಂಗಿಲ್ಲ" ಅಂದರು. ಹಾಡು ಹಚ್ಚಿದರು, ಎದೆ ಅದುರಿತು. ದುಡ್ಡು ಕೊಟ್ಟು ತಂದೆ. ಮನೆಯಲ್ಲಿ ಕಾಲ್ ಎತ್ತಿದರೆ ಎದುರಿನವರು ಬಾವಿಯೊಳಗಿಂದ ಮಾತಾಡಿದ ಹಾಗೆ. ಸಂಜೆ ಅಪ್ಪನಿಗೆ ಅಂತ ಹಳೇ ಬಯಲಾಟದ ರೆಕಾರ್ಡಿಂಗ್ ಹಾಕಿದೆ. ಅಪ್ಪ ಸ್ವಲ್ಪ ಹೊತ್ತು ಕೂತು ಕೇಳಿ, "ಗದ್ದಲ ಐತವ್ವ, ಮಾತಿಲ್ಲ" ಅಂದು ಎದ್ದು ಹೋದರು.

ಆ ಒಂದು ಮಾತು ನನಗೆ ಇಡೀ ವಿಷಯ ಅರ್ಥ ಮಾಡಿಸಿತು. ಅಪ್ಪನಿಗೆ ಎಪ್ಪತ್ತು ದಾಟಿದೆ. ವಯಸ್ಸಾದಂತೆ ಮೊದಲು ಮಂದವಾಗುವುದು ತೆಳು ದನಿ, ಅಂದರೆ ಕೀರಲು ದನಿ ಕೇಳುವ ಶಕ್ತಿ, ದಪ್ಪ ದನಿ ಆಮೇಲೂ ಚೆನ್ನಾಗೇ ಕೇಳುತ್ತಿರುತ್ತದೆ. ಮಾತಿನಲ್ಲಿ ಆ, ಈ, ಊ ಇವು ಜೋರು ಕೊಡುತ್ತವೆ ನಿಜ, ಆದರೆ ಯಾವ ಪದ ಅಂತ ಗೊತ್ತಾಗುವುದು ಸ, ಶ, ತ, ಕ, ಪ ಇವುಗಳಿಂದ. ಅವುಗಳ ಗುರುತು ಹೆಚ್ಚಾಗಿ ಇರುವುದು 2000 ಹರ್ಟ್ಜ್‌ನಿಂದ ಮೇಲೆ (ಹರ್ಟ್ಜ್ ಏರಿದಷ್ಟೂ ದನಿ ತೆಳು). ವೂಫರ್ ಗುಡುಗಿದಷ್ಟೂ ಇವು ಮುಚ್ಚಿಹೋಗುತ್ತವೆ. ಹಳೇ ಲ್ಯಾಂಡ್‌ಲೈನ್ ಫೋನು ಸುಮಾರು 300ರಿಂದ 3400 ಹರ್ಟ್ಜ್ ಮಾತ್ರ ಸಾಗಿಸುತ್ತಿತ್ತು. ಅದರಲ್ಲಿ ಬೇಸ್, ಅಂದರೆ ದಪ್ಪ ದನಿ, ಅನ್ನೋದೇ ಇರಲಿಲ್ಲ, ಆದರೂ ನಾವು ಅದರಲ್ಲೇ ಮದುವೆ ಮಾತುಕತೆ ಮುಗಿಸಿದವರು ಅಲ್ವಾ. ಹಾಡಿಗೆ ಬೇಸ್ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಕೆಲಸದ ಮೇಜಿಗೆ ಮೊದಲು ಮಾತು ಬೇಕು.

ಆ ಸೆಟ್‌ನಲ್ಲಿ ಇನ್ನೊಂದು ಕಾಟ ಇತ್ತು, ಸದಾ 'ಗುಂಯ್' ಅನ್ನುವ ಸದ್ದು. ಸ್ಪೀಕರೇ ಕೆಟ್ಟಿದೆ ಅಂದುಕೊಂಡಿದ್ದೆ. ಒಂದು ದಿನ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಸದ್ದು ಟಪ್ ಅಂತ ನಿಂತಿತು. ಮತ್ತೆ ಹಾಕಿದೆ, ಮತ್ತೆ ಶುರು. ಅಂದರೆ ಸ್ಪೀಕರಿನ ತಪ್ಪಲ್ಲ. ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿದರೆ ಮೂರನೇ ಪಿನ್ನಿಗೆ ಅರ್ಥಿಂಗ್ ವೈರೇ ಸೇರಿಸಿರಲಿಲ್ಲ, ಸುಮ್ನೆ ತೂತು ಮಾತ್ರ. ಅದನ್ನು ಸೇರಿಸಿದ ಮೇಲೆ ಸದ್ದು ಮುಕ್ಕಾಲು ಪಾಲು ಹೋಯಿತು. ನಿಮ್ಮಲ್ಲೂ ಗುಂಯ್ ಅಂದರೆ ಮೊದಲು ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಹಚ್ಚಿ ನೋಡಿ. ಕೆಲವರು ಸದ್ದು ನಿಲ್ಲಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ನನ್ನೇ ಮುರಿದು ಹಾಕುತ್ತಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ, ಅದು ಶಾಕ್ ಹೊಡೆಯದಂತೆ ಕಾಯುವ ಪಿನ್ನು.

ಕರೆಂಟ್ ಹೋದಾಗ ಬೇರೆ ಕಥೆ. ನಮ್ಮದು ಹಳೇ ಇನ್ವರ್ಟರ್, ಸ್ಕ್ವೇರ್ ವೇವ್, ಅಂದರೆ ಲೈನಿನ ಕರೆಂಟಿನಷ್ಟು ನಯವಾದ ಕರೆಂಟ್ ಕೊಡದ್ದು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದ ತಕ್ಷಣ ಫ್ಯಾನ್ ಹೇಗೆ ಹೂಂಕರಿಸುತ್ತದೋ ಆ ಸ್ಪೀಕರೂ ಹಾಗೇ ಕರ್ರ್ ಅನ್ನುತ್ತಿತ್ತು. ಇದನ್ನೆಲ್ಲ ನೋಡಿದ ಮೇಲೆ ಗೋಡೆಯ ಪ್ಲಗ್ಗೇ ಬೇಡದ, ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಓಡುವ ಎರಡು ಚಿಕ್ಕ ಸ್ಪೀಕರ್ ಸಾಕು ಅನ್ನಿಸಿತು. ದೊಡ್ಡ ಸೆಟ್ಟನ್ನು ತಮ್ಮನ ಮಗನಿಗೆ ಕೊಟ್ಟೆ, ಗಣೇಶನ ಹಬ್ಬದಲ್ಲಿ ಅವನು ಅದನ್ನು ಖುಷಿಯಿಂದ ಬಳಸಿದ.

ಈಗ ವ್ಯಾಟ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಅಂಗಡಿಯಲ್ಲಿ ನಾವು ಮೋಸ ಹೋಗುವುದೇ ಇಲ್ಲಿ. ಡಬ್ಬಾ ಮೇಲೆ ಪಿಎಂಪಿಒ (ಒಂದು ಕ್ಷಣದ ಗರಿಷ್ಠ ಶಕ್ತಿ ಅಂತ ತೋರಿಸುವ ಸಂಖ್ಯೆ) ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಆರ್‌ಎಂಎಸ್ ಅಂತ ಎಷ್ಟಿದೆ ಅಂತ ಹುಡುಕಿ, ಸತತವಾಗಿ ಕೊಡುವ ಶಕ್ತಿ ಅದು. ಯುಎಸ್‌ಬಿ ಸ್ಪೀಕರ್ ಆದರೆ ಲೆಕ್ಕ ಇನ್ನೂ ಸುಲಭ. ಹಳೇ ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ 5 ವೋಲ್ಟ್, ಅರ್ಧ ಆಂಪಿಯರ್ ಕೊಡುತ್ತದೆ. ಗುಣಿಸಿದರೆ 2.5 ವ್ಯಾಟ್. ನೀಲಿ ಬಣ್ಣದ 3.0 ಪೋರ್ಟ್ ಆದರೆ 0.9 ಆಂಪಿಯರ್, ಅಂದರೆ 4.5 ವ್ಯಾಟ್. ಒಳಗೆ ಹೋಗುವುದೇ ಇಷ್ಟಾದರೆ ಹೊರಗೆ 20 ವ್ಯಾಟ್ ಎಲ್ಲಿಂದ ಬರಬೇಕು? ಲಾಜಿಟೆಕ್‌ನ ಜೆಡ್120 ಅನ್ನುವ ಪುಟ್ಟ ಜೋಡಿಗೆ ಕಂಪನಿಯೇ ಹೇಳುವುದು 1.2 ವ್ಯಾಟ್ ಆರ್‌ಎಂಎಸ್. ಕ್ರಿಯೇಟಿವ್ ಪೆಬಲ್‌ಗೆ 4.4 ವ್ಯಾಟ್. ಸಂಖ್ಯೆ ಚಿಕ್ಕದಾಗಿದ್ದರೂ ನಂಬುವ ಹಾಗಿದೆ.

ಅಷ್ಟು ಸಾಲುತ್ತದಾ ಅಂತ ನನಗೂ ಅನುಮಾನ ಇತ್ತು. ಸಾಲುತ್ತದೆ, ಯಾಕಂದರೆ ನಾವು ಎರಡು ಅಡಿ ದೂರದಲ್ಲಿ ಕೂತಿರುತ್ತೇವೆ. ವ್ಯಾಟ್ ಎರಡು ಪಟ್ಟು ಮಾಡಿದರೆ ಸದ್ದು ಏರುವುದು ಬರೀ 3 ಡೆಸಿಬೆಲ್ (ಸದ್ದಿನ ಜೋರು ಅಳೆಯುವ ಲೆಕ್ಕ). ನಮ್ಮ ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 4 ವ್ಯಾಟಿನದು 8 ಆಗಲಿ ಅಂತ ದುಡ್ಡು ಜಾಸ್ತಿ ಕೊಡುವುದಕ್ಕಿಂತ ಸ್ಪೀಕರನ್ನು ಒಂದು ಅಡಿ ಹತ್ತಿರ ಎಳೆದುಕೊಳ್ಳುವುದು ಮೇಲು.

ಎರಡನೇ ಸಲ ಹೋಗುವಾಗ ನಾನು ತಯಾರಿ ಮಾಡಿಕೊಂಡೇ ಹೋದೆ. ಫೋನಿನಲ್ಲಿ ನನ್ನ ದನಿಯಲ್ಲೇ ಒಂದು ನಿಮಿಷ ರೆಕಾರ್ಡ್ ಮಾಡಿದೆ. ಸುಮ್ನೆ ಹೊಳೆದ ಅಕ್ಷರಗಳು, ಯಾರ ನಂಬರೂ ಅಲ್ಲ: ಪಿ ಬಿ ಟಿ ಡಿ, ಎಫ್ ಎಸ್ ಎಕ್ಸ್, ಎಂ ಎನ್, ಹದಿನಾರು ಹದಿನೇಳು, ಅರವತ್ತು ಎಪ್ಪತ್ತು. ಅದರ ಹಿಂದೆ ಅಪ್ಪನ ಬಯಲಾಟದ ಎರಡು ನಿಮಿಷ, ಮದ್ದಳೆ ಹಾರ್ಮೋನಿಯಂ ನಡುವೆ ಪಾತ್ರಧಾರಿಯ ಮಾತು ಇರುವ ಭಾಗ. ಲ್ಯಾಪ್‌ಟಾಪನ್ನೂ ಚೀಲದಲ್ಲಿ ಹಾಕಿಕೊಂಡೆ.

ಅಂಗಡಿಯ ಹುಡುಗ ತಮ್ಮ ಡೆಮೊ ಹಾಡು ಹಚ್ಚಲು ಹೋದ. ಬೇಡಪ್ಪ, ನನ್ನದು ಹಾಕು ಅಂದೆ. ನಾಲ್ಕು ಜೋಡಿ ಕೇಳಿದೆ. ಮೊದಲು ಏನೂ ಹಚ್ಚದೆ ವಾಲ್ಯೂಮ್ ಪೂರ್ತಿ ಏರಿಸಿ, ಎರಡು ಅಡಿಯಿಂದ ಸುಯ್ ಅನ್ನುವ ಸದ್ದು ಎಷ್ಟಿದೆ ಅಂತ ಕಿವಿಗೊಟ್ಟೆ. ಆಮೇಲೆ ತೀರಾ ಕಡಿಮೆ ವಾಲ್ಯೂಮ್‌ಗೆ ಇಳಿಸಿದೆ. ಇದನ್ನು ಯಾರೂ ನೋಡುವುದಿಲ್ಲ, ಆದರೆ ಅಗ್ಗದ ಸ್ಪೀಕರಿನ ವಾಲ್ಯೂಮ್ ಗುಬ್ಬಿ ತಿರುಗಿಸಿ ಸದ್ದು ತೀರಾ ಇಳಿಸಿದಾಗ ಒಂದು ಕಡೆ ಕೇಳುತ್ತದೆ, ಇನ್ನೊಂದು ಕಡೆ ಸತ್ತೇ ಹೋಗಿರುತ್ತದೆ. ಒಂದು ಜೋಡಿ ಹಾಗೇ ಇತ್ತು. ರಾತ್ರಿ ಮನೆಯವರು ಮಲಗಿದ ಮೇಲೆ ಕೆಲಸ ಮಾಡುವ ನನಗೆ ಅದು ಆಗದು. ಇನ್ನೊಂದು ಜೋಡಿಯಲ್ಲಿ ಎಫ್ ಮತ್ತು ಎಸ್ ಬೇರೆ ಬೇರೆ ಕೇಳಲೇ ಇಲ್ಲ. ಮೂರನೆಯದಕ್ಕೆ ವಾಲ್ಯೂಮ್ ಗುಬ್ಬಿ ವೈರಿನ ನಡುವೆ ನೇತಾಡುತ್ತಿತ್ತು, ಅದು ಮೇಜಿನ ಹಿಂದೆ ಬಿದ್ದರೆ ಪ್ರತಿ ಕಾಲಿಗೂ ಬಗ್ಗಿ ಹುಡುಕಬೇಕು.

ಕೊನೆಗೆ ಆರಿಸಿದ್ದು ಆ ಪೆಬಲ್. ಎರಡೂಕಾಲು ಇಂಚಿನ ಕೋನ್ (ಅದುರಿ ಸದ್ದು ಹೊರಡಿಸುವ ಬಟ್ಟಲು), ಮುಂದೆಯೇ ಗುಬ್ಬಿ, ಎಲ್ಲಕ್ಕಿಂತ ಒಳ್ಳೆಯದೆಂದರೆ ಅದರ ಮುಖ 45 ಡಿಗ್ರಿ ಮೇಲಕ್ಕೆ ಓರೆಯಾಗಿದೆ. ತೆಳು ದನಿ ನೇರ ಗೆರೆಯಲ್ಲಿ ಹೋಗುವುದು ಜಾಸ್ತಿ. ಸ್ಪೀಕರ್ ನಿಮ್ಮ ಎದೆಗೆ ಮುಖ ಮಾಡಿದರೆ ಎದೆಗೇ ಹೋಗುತ್ತದೆ, ಕಿವಿಗಲ್ಲ. ನಿಮ್ಮದು ನೆಟ್ಟಗಿರುವ ಸ್ಪೀಕರ್ ಆದರೂ ಚಿಂತೆ ಇಲ್ಲ, ಮುಂಭಾಗದ ಕೆಳಗೆ ಒಂದು ರಬ್ಬರ್ ಕೊಟ್ಟು ಎತ್ತಿ ಓರೆ ಮಾಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ನಾನು ಮನಸ್ಸಿನಲ್ಲಿ ಎರಡು ಸಾವಿರದ ಗೆರೆ ಹಾಕಿಕೊಂಡಿದ್ದೆ, ಬಿಲ್ ಅದನ್ನು ದಾಟಲಿಲ್ಲ. ಇದರಲ್ಲಿ ಯುಎಸ್‌ಬಿ ಬರೀ ಕರೆಂಟಿಗೆ, ಸದ್ದು ಹೋಗುವುದು 3.5 ಎಂಎಂ ಪಿನ್ನಿನಲ್ಲಿ. ಕೊಳ್ಳುವ ಮುಂಚೆ ನಿಮ್ಮ ಲ್ಯಾಪ್‌ಟಾಪಿಗೆ ಆ ದುಂಡನೆ ತೂತು ಇದೆಯಾ ನೋಡಿಕೊಳ್ಳಿ, ಈಗಿನ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದು ಇರುವುದಿಲ್ಲ.

ನಮ್ಮ ಪಕ್ಕದ ಬೀದಿಯ ಗೆಳತಿಯ ಬಳಿ ಬೇರೆ ಯುಎಸ್‌ಬಿ ಜೋಡಿ ಇದೆ. ಮೌಸ್ ಅಲ್ಲಾಡಿಸಿದರೆ ಅದರಲ್ಲಿ ಚೀಂಯ್ ಅನ್ನುತ್ತಿತ್ತು. ಕರೆಂಟೂ ಸದ್ದೂ ಎರಡೂ ಒಂದೇ ಲ್ಯಾಪ್‌ಟಾಪಿನಿಂದ ಹೋದಾಗ ಕೆಲವು ಸಲ ಹೀಗಾಗುತ್ತದೆ. ಯುಎಸ್‌ಬಿ ವೈರನ್ನು ಫೋನ್ ಚಾರ್ಜರಿಗೆ ಹಾಕಿ ಅಂದೆ, ನಿಂತಿತು.

ಬ್ಲೂಟೂತ್ ಯಾಕೆ ಬೇಡ ಅಂದೆ ಅಂತ ಕೇಳಬಹುದು. ಹಾಡು ಕೇಳಲು ಚೆನ್ನ. ಆದರೆ ಸದ್ದು ಸ್ವಲ್ಪ ತಡವಾಗಿ ಬರುತ್ತದೆ, ಸುಮ್ಮನಿದ್ದು ನಿದ್ದೆಗೆ ಜಾರಿದ ಸ್ಪೀಕರ್ ಏಳುವಷ್ಟರಲ್ಲಿ ಎದುರಿನವರ ಮೊದಲ ಪದ ಹೋಗಿರುತ್ತದೆ. ಇನ್ನೂ ಮುಖ್ಯವಾದದ್ದು, ಕಾಲ್ ಬಂದಾಗ ಲ್ಯಾಪ್‌ಟಾಪು ಆ ಸ್ಪೀಕರಿನ ಮೈಕನ್ನೂ ಹಿಡಿದುಕೊಂಡರೆ ಇಡೀ ಸದ್ದು ಬ್ಲೂಟೂತ್‌ನಲ್ಲಿ ಫೋನ್ ಮಾತಿಗಂತ ಇರುವ ಹ್ಯಾಂಡ್ಸ್‌ಫ್ರೀ ದಾರಿಗೆ ಹೋಗಿ ತಗಡಿನ ಡಬ್ಬಿಯ ದನಿ ಆಗುತ್ತದೆ. ಈಗಾಗಲೇ ಬ್ಲೂಟೂತ್ ಇದ್ದವರು ಸೆಟಿಂಗ್ಸ್‌ನಲ್ಲಿ ಮೈಕ್ ಅನ್ನು ಲ್ಯಾಪ್‌ಟಾಪಿನದೇ ಇಟ್ಟುಕೊಳ್ಳಿ, ಸಾಮಾನ್ಯವಾಗಿ ಸರಿಹೋಗುತ್ತದೆ.

ತಂದ ಮೇಲೂ ಒಂದು ವಾರ ಜಾಗ ಬದಲಿಸುತ್ತಲೇ ಇದ್ದೆ. ನನ್ನ ಮೇಜಿನ ಹಲಗೆ ಮರದ್ದಲ್ಲ, ಕಡಪಾ ಕಲ್ಲು. ನುಣ್ಣನೆಯ ಕಲ್ಲಿಗೆ ಸದ್ದು ಬಡಿದು ವಾಪಸ್ ಏಳುತ್ತದೆ, ಮಾತು ಗಾಜಿನ ಮೇಲೆ ಉಜ್ಜಿದ ಹಾಗೆ ಚುಚ್ಚುತ್ತದೆ. ಘಟಕದವರ ಹತ್ತಿರ ಜೀನ್ಸ್ ಕತ್ತರಿಸಿದ ತುಂಡುಗಳು ಚೀಲಗಟ್ಟಲೆ ಇರುತ್ತವೆ. ನಾಲ್ಕು ತುಂಡು ತಂದು, ಮಡಚಿ ಹೊಲಿಸಿ, ಸ್ಪೀಕರಿನ ಕೆಳಗೂ ಮುಂದೂ ಹಾಸಿದೆ. ಚುಚ್ಚುವುದು ತಗ್ಗಿತು, ಸ್ಪೀಕರ್ ಜಾರುವುದೂ ನಿಂತಿತು. ಮೊದಲು ಎರಡನ್ನೂ ಗೋಡೆಯ ಮೂಲೆಗೆ ಒತ್ತಿ ಇಟ್ಟಿದ್ದೆ, ಮೂಲೆಯಲ್ಲಿ ದಪ್ಪ ದನಿ ಇನ್ನೂ ಊದಿಕೊಳ್ಳುತ್ತದೆ. ಈಗ ಗೋಡೆಯಿಂದ ಒಂದು ಗೇಣು ಮುಂದೆ ಇದ್ದಾವೆ. ಎರಡು ಸ್ಪೀಕರಿನ ನಡುವೆ ಎಷ್ಟು ದೂರವೋ, ಪ್ರತಿಯೊಂದರಿಂದ ನನ್ನ ತಲೆಗೂ ಸುಮಾರು ಅಷ್ಟೇ ದೂರ. ಲ್ಯಾಪ್‌ಟಾಪಿನ ಮೈಕು ಸ್ಪೀಕರಿನ ಬೆನ್ನಿಗೆ ಬರುವ ಹಾಗೆ ಇಟ್ಟ ಮೇಲೆ ಎದುರಿನವರಿಗೆ ತಮ್ಮ ದನಿ ತಿರುಗಿ ಕೇಳುವುದೂ ಕಡಿಮೆಯಾಯಿತು.

ಅಪ್ಪನ ವಿಷಯದಲ್ಲಿ ಮಾತ್ರ ಪೂರ್ತಿ ಗೆದ್ದೆ ಅಂತ ಹೇಳಲಾರೆ. ಅವರ ಮಂಚ ಎಂಟು ಅಡಿ ದೂರ. ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಹೆಚ್ಚುಕಡಿಮೆ 6 ಡೆಸಿಬೆಲ್ ಇಳಿಯುತ್ತದೆ, ಎರಡರಿಂದ ಎಂಟು ಅಡಿಗೆ 12 ಹೋಯಿತು. ಅದರ ಮೇಲೆ ಏಪ್ರಿಲ್ ಮೇ ತಿಂಗಳಲ್ಲಿ ಕೂಲರ್ ಬೇರೆ ಹೋ ಅಂತ ಓಡುತ್ತಿರುತ್ತದೆ, ಬಿಸಿಲು 40 ಡಿಗ್ರಿ ದಾಟಿದಾಗ ಅದನ್ನು ಆರಿಸು ಅನ್ನಲು ಆಗುತ್ತದಾ? ಪುಟ್ಟ ಸ್ಪೀಕರಿನ ವಾಲ್ಯೂಮ್ ಪೂರ್ತಿ ಏರಿಸಿದರೆ ಒಡಕು ಬರುತ್ತದೆ. ದೊಡ್ಡದು ತರೋಣವಾ ಅಂತ ಯೋಚಿಸಿ, ಬೇಡ ಅಂತ ಬಿಟ್ಟೆ. ಕೂಲರನ್ನು ಕಿಟಕಿಯ ಹೊರಗಿನ ಸ್ಟ್ಯಾಂಡಿಗೆ ಹಾಕಿಸಿದೆ, ಅದು ಸ್ಪೀಕರಿಗಿಂತ ಜಾಸ್ತಿ ಕೆಲಸ ಮಾಡಿತು. ಸಂಜೆ ಅಪ್ಪ ಕುರ್ಚಿ ಎಳೆದುಕೊಂಡು ನನ್ನ ಪಕ್ಕ, ಮೇಜಿನ ಹತ್ತಿರವೇ ಬಂದು ಕೂರುತ್ತಾರೆ. ಬಯಲಾಟದ ಮಾತು ಬಂದಾಗ ತುಟಿ ಅವರದೂ ಅಲ್ಲಾಡುತ್ತದೆ. ಅದನ್ನು ನೋಡುವುದು ನನಗೆ ತುಂಬಾ ಇಷ್ಟ.

ಕೆಂಪು ಧೂಳಿನ ಊರು ನಮ್ಮದು, ಎರಡು ದಿನ ಬಿಟ್ಟರೆ ಕೋನ್ ಮೇಲೆ ಪದರ ಕೂರುತ್ತದೆ. ಒದ್ದೆ ಬಟ್ಟೆ ಮುಟ್ಟಿಸುವುದಿಲ್ಲ, ಮೆತ್ತನೆಯ ಒಣ ಬ್ರಷ್‌ನಲ್ಲಿ ಸವರುತ್ತೇನೆ, ರಾತ್ರಿ ಜೀನ್ಸ್ ಬಟ್ಟೆಯದೇ ಒಂದು ಟೋಪಿ ಮುಚ್ಚುತ್ತೇನೆ. ಹೋದ ತಿಂಗಳು 20ರಂದು ಒಬ್ಬ ಘಟಕದ ಮಾಲೀಕರು ಫೋನಿನಲ್ಲಿ ಹದಿನೈದು ಅಕ್ಷರ ಒಂದೇ ಉಸಿರಿಗೆ ಹೇಳಿದರು. ನಾನು ಬರೆದುಕೊಂಡೆ, ಪೋರ್ಟಲ್ ಒಪ್ಪಿತು. ಆಮೇಲೆ ಅವರೇ ಬಂದು ಸ್ಪೀಕರ್ ನೋಡಿ, "ನಮ್ ಆಫೀಸಿಗೂ ಬೇಕ್ರಿ ಅಕ್ಕಾ, ಎಷ್ಟು ವ್ಯಾಟಿಂದು?" ಅಂದರು. ನನ್ನ ಪಿ ಬಿ ಟಿ ಡಿ ರೆಕಾರ್ಡಿಂಗನ್ನು ಅವರ ವಾಟ್ಸಾಪಿಗೆ ಕಳಿಸಿ, ಇದನ್ನು ಹಚ್ಚಿಸಿ ಕೇಳಿ ತಗೊಳ್ರಿ ಅಂದೆ.