ಇಪ್ಪತ್ತೈದು ನಿಮಿಷದ ಲೆಕ್ಕ

ಫೋನ್ ಇಟ್ಟ ಕೂಡಲೇ ಪೈಲಟ್ ಕೇಳಿದ್ದು ಒಂದೇ ಮಾತು: "ಎಷ್ಟು ದೂರ?"

240 ನಾಟಿಕಲ್ ಮೈಲಿ. ಸುಮಾರು 445 ಕಿ.ಮೀ. ಸರಕಿನ ಹಡಗು. ಒಬ್ಬ ನಾವಿಕ ಸರಕು ತುಂಬುವ ಗುಂಡಿಯೊಳಗೆ ಏಣಿಯಿಂದ ಬಿದ್ದಿದ್ದ. ಸೊಂಟಕ್ಕೆ ಪೆಟ್ಟು, ರಕ್ತದೊತ್ತಡ ಇಳಿಯುತ್ತಿದೆ. ರೇಡಿಯೋದಲ್ಲಿ ಮಾತಾಡಿದ ವೈದ್ಯರು, ಹಡಗು ಬಂದರಿಗೆ ಬರುವವರೆಗೆ ಕಾಯುವ ಹಾಗಿಲ್ಲ ಅಂದಿದ್ದರು.

ನಾನು ಹೆಲಿಕಾಪ್ಟರಿನ ಬಾಗಿಲಲ್ಲಿ ಕೂತು ವಿಂಚ್ ನಡೆಸುವವನು. ಕೇಬಲ್ ಇಳಿಸುವುದು, ಎತ್ತುವುದು, ಕೆಳಗೆ ಏನಾಗುತ್ತಿದೆ ಅಂತ ಪೈಲಟ್‌ಗೆ ಹೇಳುತ್ತಾ ಇರುವುದು ನನ್ನ ಕೆಲಸ. ಕೇಬಲ್ ತುದಿಯಲ್ಲಿ ಇಳಿಯುವವನು ವಿಂಚ್‌ಮ್ಯಾನ್. ಫೋಟೋದಲ್ಲಿ ಬರುವವನೂ ಅವನೇ.

ಹೊರಡುವ ಮುಂಚೆ ಲೆಕ್ಕಕ್ಕೆ ಕೂತೆವು. ಹಡಗಿಗೆ ಮೊದಲು ಹೇಳಿದ್ದು: ತಿರುಗಿಸಿ ನಮ್ಮ ಕಡೆಗೇ ಬನ್ನಿ. 14 ನಾಟ್‌ನಲ್ಲಿ, ಅಂದರೆ ಗಂಟೆಗೆ 14 ನಾಟಿಕಲ್ ಮೈಲಿಯಂತೆ, ಎರಡು ಗಂಟೆ ಬಂದರೆ 28 ಮೈಲಿ ಉಳಿಯಿತಲ್ವಾ? ಹಾಗೆ ದೂರ ಸುಮಾರು 210 ಮೈಲಿಗೆ ಇಳಿಯಿತು. ನಮ್ಮ ವೇಗ 130 ನಾಟ್, ಗಾಳಿ ದಡದಿಂದ ಸಮುದ್ರದ ಕಡೆಗೆ 30 ನಾಟ್. ಹೋಗುವಾಗ ಅದು ಬೆನ್ನಿಗೆ ಸಿಗುತ್ತದೆ, ಒಂದು ಗಂಟೆ 20 ನಿಮಿಷದಲ್ಲಿ ಮುಟ್ಟುತ್ತೇವೆ. ಬರುವಾಗ ಅದೇ ಗಾಳಿ ಎದುರಿಗೆ ನಿಲ್ಲುತ್ತದೆ, ಎರಡು ಗಂಟೆ ಮೀರುತ್ತದೆ. ಟ್ಯಾಂಕಿನಲ್ಲಿ ನಾಲ್ಕೂವರೆ ಗಂಟೆಯ ಇಂಧನ. ಅದರಲ್ಲಿ ಕೊನೆಯ ಅರ್ಧ ಗಂಟೆ ಮುಟ್ಟುವ ಹಾಗಿಲ್ಲ. ಉಳಿದಿದ್ದು 35 ನಿಮಿಷ. ಒಂದೇ ಕಡೆ ತೇಲುತ್ತಾ ನಿಂತರೆ ಮುಂದಕ್ಕೆ ಹಾರುವುದಕ್ಕಿಂತ ಇಂಧನ ಜಾಸ್ತಿ ಸುಡುತ್ತದೆ, ಹಾಗಾಗಿ ಕೈಗೆ ಬಂದಿದ್ದು 25 ನಿಮಿಷ. ಎದುರುಗಾಳಿ ಇನ್ನು 10 ನಾಟ್ ಏರಿದರೆ ಅದರಲ್ಲೂ 14 ನಿಮಿಷ ಹೋಗುತ್ತದೆ.

ಕೆಲವು ದೇಶಗಳ ಹೆಲಿಕಾಪ್ಟರುಗಳು ಹಾರುತ್ತಲೇ ಟ್ಯಾಂಕರ್ ವಿಮಾನದಿಂದ ಇಂಧನ ತುಂಬಿಸಿಕೊಳ್ಳುತ್ತವೆ. ಅವರಿಗೇನು ಬಿಡಿ ಅನ್ನಿಸಬಹುದು. ಆದರೆ 1991ರ ಅಕ್ಟೋಬರ್ 30ರ ರಾತ್ರಿ, ಅಟ್ಲಾಂಟಿಕ್ ಬಿರುಗಾಳಿಯಲ್ಲಿ ನ್ಯೂಯಾರ್ಕ್ ಏರ್ ನ್ಯಾಷನಲ್ ಗಾರ್ಡ್‌ನ ಹೆಲಿಕಾಪ್ಟರಿಗೆ ಟ್ಯಾಂಕರಿನ ಇಂಧನ ಕೊಳವೆಗೆ ತಗುಲಿಕೊಳ್ಳಲು ಆಗಲೇ ಇಲ್ಲ. ಇಂಧನ ಮುಗಿದು ಸಮುದ್ರಕ್ಕೆ ಇಳಿಯಬೇಕಾಯಿತು. ಐವರಲ್ಲಿ ನಾಲ್ವರನ್ನು ಕೋಸ್ಟ್ ಗಾರ್ಡ್ ಹಡಗು ಎತ್ತಿಕೊಂಡಿತು. ಒಬ್ಬರು ಸಿಗಲೇ ಇಲ್ಲ. ನಮ್ಮ ಕೆಲಸದವರಿಗೆ ಈ ತಾರೀಖು ಮರೆಯುವುದಿಲ್ಲ.

ಹೋಗುವ ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ರಬ್ಬರ್ ಸೂಟಿನೊಳಗೆ ಬೆವರು, ಕೆಳಗೆ ನೀರು. ಮೇಲೆ ಒಂದು ವಿಮಾನ ಜೊತೆಗೆ ಬರುತ್ತಿತ್ತು. ಅಷ್ಟು ದೂರದಲ್ಲಿ, ಅಷ್ಟು ತಗ್ಗಿನಲ್ಲಿ ನಮ್ಮ ರೇಡಿಯೋ ದಡಕ್ಕೆ ಮುಟ್ಟುವುದಿಲ್ಲ, ಆ ವಿಮಾನವೇ ಸುದ್ದಿ ದಾಟಿಸುತ್ತದೆ. ನಾವೇ ನೀರಿಗೆ ಬಿದ್ದರೆ ರಾಫ್ಟ್, ಅಂದರೆ ಗಾಳಿ ತುಂಬಿ ತೇಲುವ ದೋಣಿ, ಎಸೆಯುವುದೂ ಅದೇ.

ಹಡಗು ಕಂಡಾಗ ಮಧ್ಯಾಹ್ನ ಮೂರು ದಾಟಿತ್ತು. ಗಾಳಿಯನ್ನು ಎಡ ಮೂತಿಗೆ 30 ಡಿಗ್ರಿಯಲ್ಲಿ ಇಟ್ಟುಕೊಳ್ಳಿ ಅಂತ ಕ್ಯಾಪ್ಟನ್‌ಗೆ ಮೊದಲೇ ಹೇಳಿದ್ದೆವು. ವಿಂಚ್ ಇರುವುದು ನಮ್ಮ ಬಲಬಾಗಿಲಲ್ಲಿ. ನಾವು ಗಾಳಿಗೆ ಮುಖ ಮಾಡಿ ಹಡಗಿನ ಎಡಕ್ಕೆ ನಿಂತರೆ ಡೆಕ್ ಸರಿಯಾಗಿ ಬಲಕ್ಕೆ ಸಿಗುತ್ತದೆ. ಕ್ರೇನುಗಳ ನಡುವೆ ಜಾಗವಿರಲಿಲ್ಲ. ಹಿಂಭಾಗದ ಎಡ ಮೂಲೆಯಲ್ಲಿ ಒಂದು ಕೋಣೆಯಷ್ಟು ಖಾಲಿ ಇತ್ತು, ಅಷ್ಟೇ. ಅದೂ ನಾಲ್ಕು ಮೀಟರ್ ಮೇಲೆ, ನಾಲ್ಕು ಮೀಟರ್ ಕೆಳಗೆ ಆಡುತ್ತಿತ್ತು.

ಇಂಥ ಡೆಕ್‌ಗೆ ಮನುಷ್ಯನನ್ನು ನೇರವಾಗಿ ಇಳಿಸುವುದಿಲ್ಲ. ಮೊದಲು ಹೈ-ಲೈನ್. ಕೆಳತುದಿಯಲ್ಲಿ ಮರಳಿನ ಚೀಲ ಕಟ್ಟಿದ ಉದ್ದನೆಯ ತೆಳ್ಳಗಿನ ಹಗ್ಗ ಅದು. ಡೆಕ್‌ನಲ್ಲಿರುವವರು ಅದನ್ನು ಹಿಡಿದು ಸಡಿಲ ಎಳೆದುಕೊಳ್ಳುತ್ತಾ ಹೋಗುತ್ತಾರೆ, ಮೇಲ್ತುದಿಗೆ ಕೇಬಲ್ ಕೊಕ್ಕೆಯೂ ವಿಂಚ್‌ಮ್ಯಾನೂ ಸೇರಿಕೊಂಡಿರುತ್ತಾರೆ. ಹೀಗೆ ಅವನನ್ನು ಓರೆಯಾಗಿ ತಮ್ಮ ಕಡೆ ಬರಮಾಡಿಕೊಳ್ಳುತ್ತಾರೆ. ನಿಯಮ ಎರಡೇ. ಕೊಕ್ಕೆ ಡೆಕ್‌ಗೋ ನೀರಿಗೋ ತಾಗುವ ಮುಂಚೆ ಅದನ್ನು ಮುಟ್ಟಬೇಡಿ, ಹಾರಾಟದಲ್ಲಿ ಹುಟ್ಟಿದ ಕರೆಂಟು ಹೊಡೆಯುತ್ತದೆ. ಹಗ್ಗವನ್ನು ಯಾವುದಕ್ಕೂ ಕಟ್ಟಬೇಡಿ. ರೇಡಿಯೋದಲ್ಲಿ ಇದನ್ನು ಎರಡು ಸಲ ಹೇಳಿದ್ದೆ.

"ಮುಂದೆ ಹತ್ತು... ಐದು... ಬಲಕ್ಕೆ ಎರಡು... ಹಾಗೇ ಇರಲಿ." ನನ್ನ ಮಾತು ನಿಲ್ಲುವ ಹಾಗಿಲ್ಲ. ಪೈಲಟ್‌ಗೆ ಕೆಳಗಿನ ಡೆಕ್ ಕಾಣುವುದಿಲ್ಲ, ಹಡಗಿನ ಒಂದು ತುಂಡು ಮಾತ್ರ ಕಣ್ಣಂಚಿನಲ್ಲಿ ಇರುತ್ತದೆ. ನಾನು ಮೂರು ಸೆಕೆಂಡ್ ಸುಮ್ಮನಾದರೆ ಅವರು ಕುರುಡರಾದ ಹಾಗೆ.

ಚೀಲ ಡೆಕ್‌ಗೆ ಬಿತ್ತು. ಕಿತ್ತಳೆ ಬಣ್ಣದ ಡ್ರೆಸ್ಸಿನ ಹುಡುಗನೊಬ್ಬ ಓಡಿ ಬಂದು ಹಗ್ಗ ಹಿಡಿದ. ಹಿಡಿದವನೇ ರೇಲಿಂಗ್‌ಗೆ ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು. ಮೇಲೆ ಗಂಟು!

ನನಗೆ ಹೊಟ್ಟೆ ಹಿಂಡಿದ ಹಾಗಾಯಿತು. ಅವನ ತಪ್ಪೇನೂ ಅಲ್ಲ. ಹಗ್ಗ ಕೈಗೆ ಬಂದರೆ ಕಟ್ಟುವುದು ನಾವಿಕನ ಕೈಯ ಅಭ್ಯಾಸ. ಆದರೆ ಹಡಗು ಕೆಳಗಿಳಿದರೆ ನಮ್ಮನ್ನೂ ಎಳೆಯುತ್ತದೆ. ಹಾಗಾಗಬಾರದೆಂದೇ ಹೈ-ಲೈನ್‌ನಲ್ಲಿ ಬೇಗ ಕಡಿದುಹೋಗುವ ಒಂದು ಕೊಂಡಿ ಇರುತ್ತದೆ. ಕೇಬಲ್ಲೇ ಸಿಕ್ಕಿಕೊಂಡರೆ ಅದನ್ನು ಸಿಡಿಮದ್ದಿನಿಂದ ಕತ್ತರಿಸುವ ಬಟನ್ ಕೂಡ ಇದೆ. ಆದರೆ ಅವನ್ನು ನಂಬಿಕೊಂಡು ಮನುಷ್ಯನನ್ನು ಇಳಿಸುವುದಕ್ಕಾಗುತ್ತದಾ? ವಿಂಚ್‌ಮ್ಯಾನ್ ಬಾಗಿಲಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಅವನ ಭುಜ ಹಿಡಿದು ನಿಲ್ಲಿಸಿದೆ. ಪೈಲಟ್ ಹಡಗುಗಳ ರೇಡಿಯೋ ಚಾನೆಲ್ 16ರಲ್ಲಿ ಕ್ಯಾಪ್ಟನ್‌ಗೆ ಹೇಳಿದರು, ಹಡಗು ನಡೆಸುವ ಕೋಣೆಯಿಂದ ಯಾರೋ ಕೂಗಿದರು, ನಮ್ಮ ಸದ್ದಿಗೆ ಹುಡುಗನಿಗೆ ಏನೂ ಕೇಳಲಿಲ್ಲ. ಕೊನೆಗೆ ಇನ್ನೊಬ್ಬ ಓಡಿ ಬಂದು ಬಿಚ್ಚಿದ. ನಾಲ್ಕು ನಿಮಿಷ ಹೋಯಿತು.

ವಿಂಚ್‌ಮ್ಯಾನ್ ಇಳಿದ. ಹಿಂದೆಯೇ ಸ್ಟ್ರೆಚರ್ ಮತ್ತು ಔಷಧಿ ಚೀಲ ಇಳಿಸಿದೆ. ಅವನು ಗಾಯಾಳುವನ್ನು ಕಟ್ಟುವಷ್ಟು ಹೊತ್ತು ನಾವು ಅಲ್ಲೇ ನಿಲ್ಲದೆ ಸುತ್ತು ಹೊಡೆದೆವು, ಅಷ್ಟಾದರೂ ಇಂಧನ ಉಳಿಯಲಿ ಅಂತ. "ಒಂಬತ್ತು ನಿಮಿಷ ಇದೆ" ಅಂತ ರೇಡಿಯೋದಲ್ಲಿ ಹೇಳಿದೆ. "ಎಂಟು ಸಾಕು" ಅಂದ. ಅವನ ಬಾಯಲ್ಲಿ ಎಂಟು ಅಂದರೆ ಹತ್ತು ಅಂತ ನನಗೆ ಗೊತ್ತು.

(ಹಾಯಿದೋಣಿಯಾಗಿದ್ದರೆ ಕಥೆಯೇ ಬೇರೆ. ಅದರ ಕಂಬ ಬಡಿಗೆಯ ಹಾಗೆ ಗಾಳಿಯಲ್ಲಿ ಬೀಸುತ್ತಿರುತ್ತದೆ, ಮೇಲೆ ನಿಲ್ಲುವ ಮಾತೇ ಇಲ್ಲ. ರಾಫ್ಟಿಗೆ ಇಳಿಯಿರಿ, ಇಲ್ಲಾ ನೀರಿಗೆ ಹಾರಿ ಅನ್ನಬೇಕಾಗುತ್ತದೆ. 1998ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ-ಹೋಬಾರ್ಟ್ ಹಾಯಿದೋಣಿ ರೇಸಿನ ಬಿರುಗಾಳಿಯಲ್ಲಿ ಆರು ಜನ ಸತ್ತರು, 55 ಜನರನ್ನು ಕಾಪಾಡಿದರು. ಅಲ್ಲೂ ಕೆಲವರು ದೋಣಿ ಬಿಟ್ಟು ನೀರಿಗೆ ಇಳಿದ ಮೇಲೆಯೇ ಮೇಲೆ ಬಂದದ್ದು.)

ಒಂಬತ್ತನೇ ನಿಮಿಷಕ್ಕೆ ಕೈ ಮೇಲೆತ್ತಿದ. ಸ್ಟ್ರೆಚರ್ ಎತ್ತುವಾಗ ಕೇಬಲ್ ಮೇಲೆ ಎಡಗೈ ಇಟ್ಟಿರುತ್ತೇನೆ. ಐದು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ, ಗ್ಲೌಸ್ ಒಳಗಿಂದಲೂ ಅದರ ನಡುಕ ತಿಳಿಯುತ್ತದೆ. ಹಡಗು ಅಲೆಯ ತುದಿಗೆ ಏರುವವರೆಗೆ ಕಾಯಬೇಕು. ಅಲ್ಲಿಂದ ಅದು ಇಳಿಯಲು ಶುರುವಾದಾಗ ಎತ್ತಿದರೆ ಡೆಕ್ ತಾನಾಗಿ ದೂರ ಸರಿಯುತ್ತದೆ. ತಡವಾದರೆ ಏರಿ ಬರುವ ಡೆಕ್ ಸ್ಟ್ರೆಚರ್‌ಗೆ ಕೆಳಗಿಂದ ಬಡಿಯುತ್ತದೆ. ಆ ದಿನ ಎರಡು ಅಲೆ ಬಿಟ್ಟೆ, ಮೂರನೆಯದಕ್ಕೆ ಎತ್ತಿದೆ.

ಔಷಧಿ ಚೀಲವೂ ಹೈ-ಲೈನೂ ಹಡಗಿನಲ್ಲೇ ಉಳಿದವು. ಅದಕ್ಕೆ ಇನ್ನೊಂದು ಸಲ ಕೇಬಲ್ ಇಳಿಸುವಷ್ಟು ಸಮಯ ಇರಲಿಲ್ಲ.

ವಾಪಸ್ ಬರುವಾಗ ಗಾಳಿ ಸ್ವಲ್ಪ ಏರಿತ್ತು. ಮೇಲೆ ಹೋದಷ್ಟೂ ಗಾಳಿ ಜೋರು, ಹಾಗಾಗಿ ಪೈಲಟ್ 300 ಅಡಿಗೆ ಇಳಿಸಿದರು. ಇಳಿಸಿದ್ದಕ್ಕೆ ಐದಾರು ನಾಟ್ ಸಿಕ್ಕಿತು. ಗಾಯಾಳು ನನ್ನ ಪ್ಯಾಂಟಿನ ಅಂಚು ಹಿಡಿದುಕೊಂಡವನು ದಾರಿಯುದ್ದಕ್ಕೂ ಬಿಡಲಿಲ್ಲ. ಇಳಿದಾಗ 31 ನಿಮಿಷದ ಇಂಧನ ಉಳಿದಿತ್ತು. ಆಂಬ್ಯುಲೆನ್ಸ್ ಅವನನ್ನು ಕರೆದುಕೊಂಡು ಹೋಯಿತು. ಬದುಕಿದ ಅಂತ ಆಮೇಲೆ ತಿಳಿಯಿತು.

ಮೆಕ್ಯಾನಿಕ್‌ಗಳು ಎಂಜಿನ್‌ಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆದರು. ನಾನು ಕೇಬಲ್ ಪೂರ್ತಿ ಬಿಚ್ಚಿ, ಹತ್ತಿ ಬಟ್ಟೆ ಹಿಡಿದು ಒರೆಸುತ್ತಾ ಹೋದೆ. ಎಲ್ಲಾದರೂ ಒಂದು ಎಳೆ ಕಿತ್ತಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಕೊಕ್ಕೆಯಿಂದ ಮೂರ್ನಾಲ್ಕು ಮೀಟರ್ ಮೇಲೆ ಬಟ್ಟೆಗೆ ಏನೋ ತಾಗಿತು. ನೋಡಿದರೆ ಬಿಳಿ ಬಣ್ಣದ ಸಿಪ್ಪೆ. ಹಡಗಿನ ರೇಲಿಂಗಿನದು. ಕೇಬಲ್ ಯಾವಾಗ ಅದಕ್ಕೆ ಉಜ್ಜಿತ್ತೋ ನಾನು ನೋಡಿರಲೇ ಇಲ್ಲ. ಆ ರಾತ್ರಿಯೇ ಕೇಬಲ್ ಬದಲಾಯಿಸಿದೆವು.