ಬಂದರಿನ ಟ್ರೈನೀ ಪೈಲಟ್ ಆಗಲು ಏನು ಬೇಕು: ನನ್ನ ಅನುಭವ

ಪೈಲಟ್ ಆಗಲು ಏನು ಓದಬೇಕು ಅಂತ ಊರಿನ ಹುಡುಗರು ಆಗಾಗ ಕೇಳುತ್ತಾರೆ. ವಿಮಾನದ ಪೈಲಟ್ ಅಲ್ಲ, ಹೊರಗಿನಿಂದ ಬಂದ ಹಡಗನ್ನು ಹತ್ತಿ, ಕ್ಯಾಪ್ಟನ್ ಪಕ್ಕ ನಿಂತು, ಅದನ್ನು ಬಂದರಿನೊಳಗೆ ತರುವ ಪೈಲಟ್. ಪಿಯುಸಿ ಮುಗಿಸಿ ನೇರವಾಗಿ ಇದಕ್ಕೆ ಸೇರಲು ಆಗುವುದಿಲ್ಲ. ಮೊದಲು ಹಡಗಿನಲ್ಲಿ ದುಡಿಯಬೇಕು.

ಡೆಕ್ ಕೆಡೆಟ್, ಅಂದರೆ ಹಡಗು ನಡೆಸುವ ಅಧಿಕಾರಿಯಾಗಲು ತರಬೇತಿ ಪಡೆಯುವವರು, ಆಗಲು ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್‌ನಲ್ಲಿ ಸರಾಸರಿ 60 ಶೇಕಡಾ ಬೇಕು. ಕನ್ನಡಕವಿಲ್ಲದೆ 6/6 ದೃಷ್ಟಿ ಇರಬೇಕು, ಬಣ್ಣಗಳು ಸರಿಯಾಗಿ ಕಾಣಬೇಕು. ರಾತ್ರಿ ಕೆಂಪು ದೀಪ, ಹಸಿರು ದೀಪ ನೋಡಿಯೇ ಎದುರಿನ ಹಡಗು ಎತ್ತ ಹೊರಟಿದೆ ಅಂತ ತಿಳಿಯುವುದು. ಹಾಗಾಗಿ ಮೊದಲು ಕಣ್ಣು ಪರೀಕ್ಷೆ ಮಾಡಿಸಿ, ಫೀಸಿನ ಮಾತು ಆಮೇಲೆ. ಕೆಡೆಟ್ ಆದ ನಂತರ ಹಡಗಿನ ಅಧಿಕಾರಿಗಳ ಸೆಕೆಂಡ್ ಮೇಟ್, ಫಸ್ಟ್ ಮೇಟ್, ಕೊನೆಗೆ ಮಾಸ್ಟರ್ ಫಾರಿನ್ ಗೋಯಿಂಗ್ (ವಿದೇಶಕ್ಕೆ ಹೋಗುವ ಹಡಗಿನ ಕ್ಯಾಪ್ಟನ್ ಆಗುವ ಅರ್ಹತೆ) ಪರೀಕ್ಷೆಗಳು. ನಮ್ಮ ದೊಡ್ಡ ಬಂದರುಗಳು ಪೈಲಟ್ ಕೆಲಸಕ್ಕೆ ಸಾಮಾನ್ಯವಾಗಿ ಕೇಳುವುದು ಈ ಮಾಸ್ಟರ್ ಸರ್ಟಿಫಿಕೇಟನ್ನೇ.

ಅದು ಕೈಯಲ್ಲಿದ್ದರೂ ಟ್ರೈನೀ ಆಗಿ ಬಂದಾಗ ಕಲಿಯಬೇಕಾದದ್ದು ಬಹಳ ಇತ್ತು. ಸಮುದ್ರದಲ್ಲಿ ನೆಲದಿಂದ ದೂರ ಇದ್ದಷ್ಟೂ ಕ್ಷೇಮ. ಬಂದರಿನಲ್ಲಿ ದಡ, ದಕ್ಕೆ, ಬೇರೆ ಹಡಗು ಎಲ್ಲವೂ ಪಕ್ಕದಲ್ಲೇ. ವೇಗ ಇಳಿದಂತೆ ಚುಕ್ಕಾಣಿ ಹಿಡಿತ ಕಳೆದುಕೊಳ್ಳುತ್ತದೆ, ಆಗ ಹಡಗನ್ನು ಎಳೆಯುವ, ತಳ್ಳುವ ಚಿಕ್ಕ ಬೋಟ್‌ಗಳಾದ ಟಗ್‌ಗಳೇ ಕೈಕಾಲು. ಬಲಕ್ಕೆ ಸುತ್ತುವ ಪ್ರೊಪೆಲ್ಲರ್ ಇರುವ ಹಡಗಿನಲ್ಲಿ ಎಂಜಿನ್ ಹಿಂದಕ್ಕೆ ಕೊಟ್ಟರೆ ಮುಂಭಾಗ ಬಲಕ್ಕೆ ತಿರುಗುತ್ತದೆ. ಆಳ ಕಡಿಮೆ ಇರುವ ಚಾನೆಲ್‌ನಲ್ಲಿ ವೇಗ ಜಾಸ್ತಿಯಾದರೆ ಹಡಗು ಇನ್ನಷ್ಟು ಕೆಳಗೆ ಕೂರುತ್ತದೆ. ಇದನ್ನೆಲ್ಲ ಓದಿದ್ದೆ, ನಿಜ. ಆದರೆ ಗಾಳಿಗೆ ಎಷ್ಟು ಜಾಗ ಬಿಡಬೇಕು, ಟಗ್‌ಗೆ ಯಾವ ಹೊತ್ತಿಗೆ ಹೇಳಬೇಕು ಅನ್ನುವುದು ಹಿರಿಯ ಪೈಲಟ್ ಜೊತೆ ಮತ್ತೆ ಮತ್ತೆ ಹೋಗಿಯೇ ಬಂದದ್ದು. ಸಿಮ್ಯುಲೇಟರ್ ಒಳ್ಳೆಯದೇ, ಆದರೆ ಇದಕ್ಕೆ ಸಾಲದು.

ಮೈ ಗಟ್ಟಿ ಇರಬೇಕು. ಓಡುತ್ತಿರುವ ಬೋಟ್‌ನಿಂದ ಹಗ್ಗದ ಏಣಿ ಹತ್ತುವ ಕೆಲಸ ಇದು, ಮಳೆಗಾಲದ ಅಲೆಯಲ್ಲೂ. ಹತ್ತುವ ಎತ್ತರ 9 ಮೀಟರ್ ದಾಟಿದರೆ ಬರೀ ಹಗ್ಗದ ಏಣಿ ಸಾಲದು, ಹಡಗಿನ ಓರೆ ಏಣಿಯನ್ನೂ ಜೋಡಿಸಬೇಕು ಅಂತ ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ ನಿಯಮವಿದೆ. ಕಟ್ಟಿದ್ದು ಸರಿಯಿಲ್ಲದಿದ್ದರೆ ಹತ್ತಬೇಡಿ. ಹಡಗು ಕಾಯಲಿ.

ಪೈಲಟ್ ಬಂದರೂ ಹಡಗಿನ ಹೊಣೆ ಕ್ಯಾಪ್ಟನ್‌ದೇ. ಅವರು ಯಾವ ದೇಶದವರೇ ಇರಲಿ, ನಮ್ಮ ಯೋಜನೆ ಅವರಿಗೆ ಪೂರ್ತಿ ಅರ್ಥವಾಗಬೇಕು. ಸ್ಪಷ್ಟವಾದ, ಚಿಕ್ಕ ವಾಕ್ಯಗಳ ಇಂಗ್ಲಿಷ್ ಈಗಿನಿಂದಲೇ ರೂಢಿ ಮಾಡಿಕೊಳ್ಳಿ.

ಈಗಾಗಲೇ ಹಡಗಿನಲ್ಲಿರುವವರಿಗೆ ಒಂದು ಮಾತು. ಪೈಲಟ್ ಬ್ರಿಡ್ಜ್‌ಗೆ (ಹಡಗು ನಡೆಸುವ ಕೋಣೆಗೆ) ಬಂದಾಗ ಸುಮ್ನೆ ನಿಲ್ಲಬೇಡಿ. ಯಾವ ಆರ್ಡರ್, ಆಗ ವೇಗ ಎಷ್ಟು, ಗಾಳಿ ಎಲ್ಲಿಂದ ಅಂತ ಬರೆದಿಡಿ. ಥರ್ಡ್ ಆಫೀಸರ್ ಆಗಿದ್ದಾಗ ನಾನು ಬರೆದಿಟ್ಟ ನೋಟ್‌ಬುಕ್ಕೇ ಸಂದರ್ಶನದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.